ಮಹಾಯಾಜಕ ಆರೋನ: ಕಿವಿ, ಕೈ, ಕಾಲುಗಳ ಮೇಲೆ ರಕ್ತದ ಮುದ್ರೆ

ಗುರುದೀಕ್ಷೆಯ ಸಮಾರಂಭವನ್ನು ಕಣ್ಣಾರೆ ಕಂಡವರು ಅದರ ಒಂದು ದೃಶ್ಯವನ್ನು ಎಂದಿಗೂ ಮರೆಯಲಾರರು. ದೀಕ್ಷೆ ಪಡೆಯುವ ಯುವಕನು ಮೊಣಕಾಲೂರಿ ಕೈಗಳನ್ನು ಮುಂದೆ ಚಾಚುತ್ತಾನೆ. ಧರ್ಮಾಧ್ಯಕ್ಷರು ಆತನ ಅಂಗೈಗಳಿಗೆ ಪರಿಮಳಭರಿತ ಪವಿತ್ರ ತೈಲವನ್ನು ಲೇಪಿಸುತ್ತಾರೆ. ಶುಭ್ರ ವಸ್ತ್ರ, ತೈಲದ ಸುಗಂಧ, ಗಾನವೃಂದದ ಗೀತೆ, ತಾಯಿತಂದೆಯರ ಆನಂದಬಾಷ್ಪ ಇವೆಲ್ಲವೂ ಸೇರಿ ಆ ಘಳಿಗೆಯನ್ನು ಪಾವನಗೊಳಿಸುತ್ತವೆ. ಆದರೆ ಇಸ್ರಯೇಲರ ಪ್ರಥಮ ಯಾಜಕದೀಕ್ಷೆಯನ್ನು ಶ್ರೀಗ್ರಂಥವು ಬಣ್ಣಿಸುವ ಪುಟಗಳನ್ನು ತೆರೆದರೆ ಅಲ್ಲಿ ತೈಲದೊಡನೆ ಮತ್ತೊಂದು ದ್ರವವೂ ಕಾಣಿಸಿಕೊಳ್ಳುತ್ತದೆ. ಅದು ರಕ್ತ. ದೀಕ್ಷೆ ಪಡೆದವನ ಬಲಗಿವಿಯ ಹಾಲೆಗೆ, ಬಲಗೈಯ ಹೆಬ್ಬೆರಳಿಗೆ, ಬಲಗಾಲಿನ ಹೆಬ್ಬೆಟ್ಟಿಗೆ ಬಲಿಪಶುವಿನ ರಕ್ತವನ್ನು ಹಚ್ಚಲಾಯಿತು. ಹೊಸದಾಗಿ ತೊಡಿಸಿದ ವಸ್ತ್ರಗಳ ಮೇಲೂ ಅದನ್ನು ಚಿಮುಕಿಸಲಾಯಿತು.

ಅಂದು ಹಾಗೆ ನಿಂತಿದ್ದವನು ಆರೋನ. ಮೋಶೆಯ ಅಣ್ಣ, ಇಸ್ರಯೇಲರ ಮೊದಲ ಮಹಾಯಾಜಕ. ಆತನ ಬದುಕನ್ನು ಆದಿಯಿಂದ ಅಂತ್ಯದವರೆಗೆ ಅವಲೋಕಿಸಿದಾಗ ಮಾತ್ರ ಆ ಮೂರು ರಕ್ತದ ಗುರುತುಗಳ ಅರ್ಥ ನಮಗೆ ತಿಳಿಯಬಲ್ಲದು.

ದಾಸ್ಯದ ಮನೆಯ ಮಗ

ಆರೋನನು ಲೇವಿಕುಲದವನು. ತಂದೆ ಅಮ್ರಾಮ್, ತಾಯಿ ಯೋಕೆಬೆದ್, ಸಹೋದರಿ ಮಿರ್ಯಾಮ್. ಮೋಶೆಗಿಂತ ಆತನು 3 ವರ್ಷ ಹಿರಿಯ. ತಮ್ಮನು ಫರೋಹನ ಅರಮನೆಯಲ್ಲಿ ಬೆಳೆದು, ಮುಂದೆ ಮಿದ್ಯಾನ್ ನಾಡಿನಲ್ಲಿ ಕುರಿ ಮೇಯಿಸಿಕೊಂಡಿದ್ದ ದೀರ್ಘಕಾಲದಲ್ಲಿ ಅಣ್ಣನ ಬದುಕು ಹೇಗಿತ್ತೆಂಬುದನ್ನು ಶ್ರೀಗ್ರಂಥ ವಿವರಿಸುವುದಿಲ್ಲ. ಆತನ ಜನರು ಈಜಿಪ್ಟಿನಲ್ಲಿ ಇಟ್ಟಿಗೆ ಮಾಡುವ ದಾಸರಾಗಿದ್ದರು ಎಂಬುದಷ್ಟೇ ನಮಗೆ ತಿಳಿದಿದೆ. ಆತನು ಯೂದಕುಲದ ಅಮ್ಮೀನಾದಾಬನ ಮಗಳಾದ ಎಲೀಶೆಬಳನ್ನು ವಿವಾಹವಾದನು. ಅವರಿಗೆ ನಾದಾಬ್, ಅಬೀಹು, ಎಲ್ಲಾಜಾರ್, ಈತಾಮಾರ್ ಎಂಬ ನಾಲ್ವರು ಗಂಡುಮಕ್ಕಳು. ಎಲೀಶೆಬಳ ಸಹೋದರ ನಹಶೋನನ ಹೆಸರು ಸಂತ ಮತ್ತಾಯನ ಶುಭಸಂದೇಶದಲ್ಲಿ ಯೇಸುಕ್ರಿಸ್ತರ ವಂಶಾವಳಿಯಲ್ಲಿ ಬರುತ್ತದೆ ಎಂಬುದು ಗಮನಾರ್ಹ.

ಉರಿಯುವ ಪೊದೆಯ ಬಳಿ ದೇವರ ಕರೆಯನ್ನು ಆಲಿಸಿದ ಮೋಶೆ ತಾನು ಮಾತಿನಲ್ಲಿ ಚತುರನಲ್ಲವೆಂದು ಹಿಂಜರಿದಾಗ, ಸರ್ವೇಶ್ವರನು ಆತನಿಗೆ ತೋರಿಸಿಕೊಟ್ಟದ್ದು ವಾಕ್ಪಟುವಾದ ಈ ಅಣ್ಣನನ್ನು. ದೇವರ ಬೆಟ್ಟದ ಬಳಿ ಸಹೋದರರು ಸಂಧಿಸಿ ಮುದ್ದಿಟ್ಟುಕೊಂಡರು. ಅಂದಿನಿಂದ ಮೋಶೆಯ ಪರವಾಗಿ ಜನರೊಡನೆ ಮಾತನಾಡುವ ಹೊಣೆ ಆರೋನನದಾಯಿತು. ಫರೋಹನ ಮುಂದೆ ನಿಂತಾಗ ಆರೋನನಿಗೆ 83 ವರ್ಷ, ಮೋಶೆಗೆ 80 ವರ್ಷ. ಆರೋನನು ಇತಿಹಾಸದ ರಂಗವನ್ನು ಪ್ರವೇಶಿಸಿದ್ದು ತನ್ನ ನಾಲಿಗೆಯ ಬಲದಿಂದ ಎಂಬುದನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ಮೂರು ಬಾರಿ ಕಂಡ ರಕ್ತ

ಯಾಜಕನಾಗುವ ಮುನ್ನವೇ ಆರೋನನ ಬಾಳಿನಲ್ಲಿ ರಕ್ತವು ಮೂರು ಬಾರಿ, ಮೂರು ಭಿನ್ನ ಅರ್ಥಗಳಲ್ಲಿ ಕಾಣಿಸಿಕೊಂಡಿತು. ಮೊದಲನೆಯದು ನೈಲ್ ನದಿಯ ದಂಡೆಯಲ್ಲಿ. ಆತನು ಕೋಲನ್ನೆತ್ತಿ ನೀರನ್ನು ಹೊಡೆದಾಗ ಈಜಿಪ್ಟಿನ ಜೀವನಾಡಿಯಾದ ಆ ನದಿ ರಕ್ತವಾಯಿತು, ಮೀನುಗಳು ಸತ್ತವು, ನೀರು ನಾರತೊಡಗಿತು. ಇಬ್ರಿಯರ ಗಂಡುಕೂಸುಗಳನ್ನು ಎಸೆಯಲು ಹಿಂದೊಮ್ಮೆ ಫರೋಹನು ಆಜ್ಞಾಪಿಸಿದ್ದು ಇದೇ ನದಿಗೆ. ಇಲ್ಲಿ ರಕ್ತವು ನ್ಯಾಯತೀರ್ಪಿನ ಗುರುತು.

ಎರಡನೆಯದು ಬಿಡುಗಡೆಯ ರಾತ್ರಿ. ಪಾಸ್ಕದ ಕುರಿಮರಿಯ ರಕ್ತವನ್ನು ಹಿಸ್ಸೋಪ್ ಗಿಡದ ಕಟ್ಟಿನಿಂದ ಬಾಗಿಲಿನ ಎರಡು ನಿಲುವುಕಂಬಗಳಿಗೂ ಮೇಲಿನ ಅಡ್ಡಪಟ್ಟಿಗೂ ಹಚ್ಚಬೇಕೆಂಬ ವಿಧಿ ಬಂದದ್ದು ಮೋಶೆ ಮತ್ತು ಆರೋನರಿಬ್ಬರಿಗೂ. ಆ ರಕ್ತವಿದ್ದ ಮನೆಯನ್ನು ಮರಣವು ದಾಟಿಹೋಯಿತು. ಇಲ್ಲಿ ರಕ್ತವು ರಕ್ಷಣೆಯ ಗುರುತು.

ಮೂರನೆಯದು ಸಿನಾಯಿ ಬೆಟ್ಟದ ತಪ್ಪಲಲ್ಲಿ. ಒಡಂಬಡಿಕೆಯ ದಿನ ಮೋಶೆ ಬಲಿಯ ರಕ್ತದಲ್ಲಿ ಅರ್ಧವನ್ನು ಬಲಿಪೀಠದ ಮೇಲೆ ಚೆಲ್ಲಿ, ಉಳಿದರ್ಧವನ್ನು ಬೋಗುಣಿಗಳಲ್ಲಿ ಹಿಡಿದು ಜನರ ಮೇಲೆ ಚಿಮುಕಿಸಿದನು. ಒಂದೇ ರಕ್ತ ದೇವರ ಪೀಠಕ್ಕೂ ಜನರ ಮೈಗೂ ತಾಕಿತು. ದಾಸರಾಗಿ ಬಂದವರು ಅಂದು ದೇವರೊಡನೆ ನಂಟು ಪಡೆದರು. ಇಲ್ಲಿ ರಕ್ತವು ಬಾಂಧವ್ಯದ ಗುರುತು. ಅನಂತರ ಆರೋನನೂ ಆತನ ಮಕ್ಕಳಾದ ನಾದಾಬ್, ಅಬೀಹು ಇಬ್ಬರೂ 70 ಮಂದಿ ಹಿರಿಯರೊಡನೆ ಬೆಟ್ಟವನ್ನೇರಿ ದೇವದರ್ಶನ ಪಡೆದರು.

ಹೋರಿಕರುವಿನ ಪಾಪ

ಇಷ್ಟನ್ನೆಲ್ಲ ಕಂಡವನೇ ಎಡವಿದನು. ಮೋಶೆ ಬೆಟ್ಟದ ಮೇಲೆ 40 ದಿನ ತಂಗಿದ್ದಾಗ ಜನರು ತಾಳ್ಮೆಗೆಟ್ಟು, ತಮ್ಮ ಮುಂದೆ ನಡೆಯುವ ದೇವರನ್ನು ಮಾಡಿಕೊಡಬೇಕೆಂದು ಆರೋನನನ್ನು ಮುತ್ತಿದರು. ಆತನು ಅವರ ಮಾತಿಗೆ ಕಿವಿಗೊಟ್ಟನು. ಅವರ ಕಿವಿಗಳಲ್ಲಿದ್ದ ಬಂಗಾರದ ಓಲೆಗಳನ್ನು ತರಿಸಿದನು. ತನ್ನ ಕೈಯಾರೆ ಅದಕ್ಕೆ ರೂಪ ಕೊಟ್ಟು ಹೋರಿಕರುವನ್ನು ಮಾಡಿದನು. ಬೆಟ್ಟದಿಂದಿಳಿದ ತಮ್ಮನು ಪ್ರಶ್ನಿಸಿದಾಗ ಅಣ್ಣನ ನಾಲಿಗೆ ಚುರುಕಾಗಿಯೇ ಇತ್ತು. ಜನರ ಕೆಟ್ಟತನವನ್ನು ಮುಂದುಮಾಡಿ, ಬಂಗಾರವನ್ನು ಬೆಂಕಿಗೆ ಹಾಕಿದಾಗ ಕರು ತಾನಾಗಿಯೇ ಹೊರಬಂದಂತೆ ವರ್ಣಿಸಿದನು. ಆ ದಿನ ಸುಮಾರು 3,000 ಜನರು ಹತರಾದರು. ಆರೋನನನ್ನೂ ನಾಶಗೊಳಿಸುವಷ್ಟು ದೇವರು ಕೋಪಗೊಂಡಿದ್ದರೆಂದೂ ಮೋಶೆಯ ಪ್ರಾರ್ಥನೆಯೇ ಆತನನ್ನು ಉಳಿಸಿತೆಂದೂ ಧರ್ಮೋಪದೇಶಕಾಂಡವು ತಿಳಿಸುತ್ತದೆ.

ಇಲ್ಲಿ ಒಂದು ಸೂಕ್ಷ್ಮವನ್ನು ನಾವು ಗಮನಿಸಬೇಕು. ಆರೋನನಿಗೆ ತೊಡಿಸಬೇಕಾದ ವಸ್ತ್ರಗಳು ಯಾವುವು, ಆತನ ದೀಕ್ಷೆ ಹೇಗೆ ನಡೆಯಬೇಕು ಎಂಬ ವಿಧಿಗಳೆಲ್ಲ ವಿಮೋಚನಾಕಾಂಡದ 28 ಮತ್ತು 29ನೆಯ ಅಧ್ಯಾಯಗಳಲ್ಲಿವೆ. ಕರುವಿನ ಪ್ರಸಂಗ ಬರುವುದು 32ನೆಯ ಅಧ್ಯಾಯದಲ್ಲಿ. ಬೆಟ್ಟದ ಮೇಲೆ ದೇವರು ಆರೋನನನ್ನು ಯಾಜಕನನ್ನಾಗಿ ಆರಿಸಿ ಮೋಶೆಗೆ ವಿವರ ನೀಡುತ್ತಿದ್ದಾಗ ಬೆಟ್ಟದ ಕೆಳಗೆ ಅದೇ ಆರೋನನು ವಿಗ್ರಹಕ್ಕೆ ಬಲಿಪೀಠ ಕಟ್ಟುವುದರತ್ತ ಸಾಗಿದ್ದನು. ಆದರೂ ಆ ಆಯ್ಕೆ ರದ್ದಾಗಲಿಲ್ಲ. ಹಾಗೆಂದು ಪಾಪವನ್ನು ಮರೆತುಬಿಡಲೂ ಇಲ್ಲ. ಈ ಎರಡು ಸತ್ಯಗಳೂ ಕೂಡಿದ ಸ್ಥಳವೇ ದೀಕ್ಷೆಯ ರಕ್ತ.

ದೀಕ್ಷೆಯ ದಿನಗಳು

ಬಿಡುಗಡೆಯ ಎರಡನೆಯ ವರ್ಷದ ಮೊದಲನೆಯ ತಿಂಗಳಿನಲ್ಲಿ ದೇವದರ್ಶನದ ಗುಡಾರ ಎದ್ದುನಿಂತಿತು. ಅದರ ಬಾಗಿಲ ಬಳಿ ಸಮಸ್ತ ಜನರ ಎದುರಿನಲ್ಲಿ ನಡೆದ ವಿಧಿಯನ್ನು ಯಾಜಕಕಾಂಡದ 8ನೆಯ ಅಧ್ಯಾಯ ವರದಿ ಮಾಡುತ್ತದೆ. ಮೋಶೆ ಮೊದಲು ಅಣ್ಣನಿಗೂ ಆತನ ನಾಲ್ವರು ಮಕ್ಕಳಿಗೂ ಸ್ನಾನ ಮಾಡಿಸಿದನು. ಆಮೇಲೆ ಆರೋನನಿಗೆ ನಿಲುವಂಗಿ, ನಡುಕಟ್ಟು, ಮೇಲಂಗಿ, ಇಸ್ರಯೇಲಿನ 12 ಕುಲಗಳ ಹೆಸರುಳ್ಳ ರತ್ನಗಳ ಎದೆಪದಕ, ಬಂಗಾರದ ಪಟ್ಟಿಯಿದ್ದ ಮುಂಡಾಸ ಇವನ್ನು ತೊಡಿಸಿದನು. ಗುಡಾರವನ್ನೂ ಬಲಿಪೀಠವನ್ನೂ ತೈಲದಿಂದ ಅಭಿಷೇಕಿಸಿ, ಆರೋನನ ತಲೆಯ ಮೇಲೂ ತೈಲವನ್ನು ಸುರಿದನು. ಗಡ್ಡದ ಮೇಲೆ ಹರಿದಿಳಿಯುವ ಆ ತೈಲವೇ ಮುಂದೆ ಕೀರ್ತನಕಾರನಿಗೆ ಸಹೋದರರ ಒಗ್ಗಟ್ಟಿನ ಉಪಮಾನವಾಯಿತು.

ತರುವಾಯ ಮೂರು ಪ್ರಾಣಿಗಳ ಬಲಿ. ಮೊದಲನೆಯದು ದೋಷಪರಿಹಾರಕ ಬಲಿಯ ಹೋರಿ. ಆರೋನನೂ ಮಕ್ಕಳೂ ಅದರ ತಲೆಯ ಮೇಲೆ ಕೈಯಿಟ್ಟರು. ಮೋಶೆ ಅದರ ರಕ್ತವನ್ನು ಬೆರಳಿನಿಂದ ಬಲಿಪೀಠದ ನಾಲ್ಕು ಕೊಂಬುಗಳಿಗೆ ಹಚ್ಚಿ, ಉಳಿದದ್ದನ್ನು ಪೀಠದ ಬುಡದಲ್ಲಿ ಸುರಿದನು. ಎರಡನೆಯದು ದಹನಬಲಿಯ ಟಗರು. ಅದರ ರಕ್ತ ಪೀಠದ ಸುತ್ತಲೂ ಚೆಲ್ಲಲ್ಪಟ್ಟಿತು. ಮೂರನೆಯದೇ ದೀಕ್ಷೆಯ ಟಗರು. ಅದರ ರಕ್ತವನ್ನು ಮೋಶೆ ಆರೋನನ ಬಲಗಿವಿಯ ಹಾಲೆಗೂ ಬಲಗೈಯ ಹೆಬ್ಬೆರಳಿಗೂ ಬಲಗಾಲಿನ ಹೆಬ್ಬೆಟ್ಟಿಗೂ ಹಚ್ಚಿದನು. ಮಕ್ಕಳಿಗೂ ಹಾಗೆಯೇ ಮಾಡಿದನು. ಮಿಕ್ಕ ರಕ್ತವನ್ನು ಪೀಠದ ಸುತ್ತಲೂ ಚೆಲ್ಲಿದನು. ಬಳಿಕ ಅಭಿಷೇಕ ತೈಲವನ್ನೂ ಪೀಠದ ಮೇಲಿದ್ದ ರಕ್ತವನ್ನೂ ತೆಗೆದು ಆರೋನನ ಮೇಲೆ, ಮಕ್ಕಳ ಮೇಲೆ, ಅವರ ವಸ್ತ್ರಗಳ ಮೇಲೆ ಚಿಮುಕಿಸಿದನು.

ದೀಕ್ಷೆಗೆ ಇಬ್ರಿಯ ಭಾಷೆಯಲ್ಲಿ ಬಳಸುವ ಮಾತಿನ ಮೂಲಾರ್ಥ ಕೈ ತುಂಬಿಸುವುದು. ಅಂತೆಯೇ ಟಗರಿನ ಕೊಬ್ಬು, ಬಲತೊಡೆ ಮತ್ತು ಹುಳಿಯಿಲ್ಲದ ರೊಟ್ಟಿಗಳನ್ನು ಆರೋನನ ಅಂಗೈಗಳಲ್ಲಿ ಇರಿಸಲಾಯಿತು. ಏಳು ದಿನ ಅವರು ಗುಡಾರದ ಬಾಗಿಲನ್ನು ಬಿಟ್ಟು ಕದಲುವಂತಿರಲಿಲ್ಲ.

ರಕ್ತವೇಕೆ?

ಸಾಮಾನ್ಯವಾಗಿ ರಕ್ತವು ಬಟ್ಟೆಗೆ ತಾಕಿದರೆ ನಾವು ಅದನ್ನು ಕಲೆಯೆಂದು ಭಾವಿಸಿ ಒಡನೆಯೇ ತೊಳೆಯುತ್ತೇವೆ. ಪರಿಶುದ್ಧ ವಸ್ತ್ರಗಳ ಮೇಲೆಯೇ ರಕ್ತವನ್ನು ಚಿಮುಕಿಸುವುದು ನಮಗೆ ವಿಚಿತ್ರವೆನಿಸಬಹುದು. ಇಸ್ರಯೇಲರ ತಿಳಿವಳಿಕೆಯಂತೆ ರಕ್ತವೆಂದರೆ ಸಾವಿನ ದ್ರವವಲ್ಲ, ಜೀವದ ನೆಲೆ. ಯಾಜಕಕಾಂಡದ 17ನೆಯ ಅಧ್ಯಾಯ ಇದನ್ನು ಸ್ಪಷ್ಟವಾಗಿ ಬೋಧಿಸುತ್ತದೆ. ಜೀವವು ದೇವರ ಸೊತ್ತಾದ್ದರಿಂದ ರಕ್ತವನ್ನು ಯಾರೂ ಉಣ್ಣಬಾರದು. ಬಲಿಪೀಠದ ಮೇಲೆ ಪಾಪಕ್ಷಮೆಗಾಗಿ ಮಾತ್ರ ದೇವರು ಅದನ್ನು ಮನುಷ್ಯನಿಗೆ ಕೊಟ್ಟಿದ್ದಾರೆ. ಆದುದರಿಂದ ಆರೋನನ ಮೈಗೆ ತಾಕಿದ ರಕ್ತವು ಆತನದಲ್ಲದ ಜೀವ. ಆತನಿಗಾಗಿ ಅರ್ಪಿತವಾದ ಜೀವ.

ಅಭಿಷೇಕವು ಆ ಕಾಲದ ನೆರೆನಾಡುಗಳಿಗೂ ಪರಿಚಿತವಾಗಿತ್ತು. ಸಿರಿಯಾ ದೇಶದ ಎಮಾರ್ ಎಂಬ ಪ್ರಾಚೀನ ನಗರದಲ್ಲಿ 1970ರ ದಶಕದಲ್ಲಿ ದೊರೆತ ಮಣ್ಣಿನ ಫಲಕಗಳು ಅಲ್ಲಿನ ಪ್ರಧಾನ ಪೂಜಾರಿಣಿಯ ತಲೆಗೆ ಎಣ್ಣೆ ಎರೆಯುತ್ತಿದ್ದ ಪದ್ಧತಿಯನ್ನು ತಿಳಿಸುತ್ತವೆ. ಹಬ್ಬವೊಂದರಲ್ಲಿ ಅಲ್ಲಿಯ ಪವಿತ್ರ ಶಿಲೆಗಳಿಗೆ ಎಣ್ಣೆಯನ್ನೂ ರಕ್ತವನ್ನೂ ಸವರುತ್ತಿದ್ದರು. ಇಸ್ರಯೇಲರ ವಿಧಿಯಲ್ಲಾದರೋ ರಕ್ತವು ಪೀಠದ ಕಲ್ಲುಮರಗಳಲ್ಲೇ ನಿಲ್ಲದೆ ಮನುಷ್ಯನ ಮೈಗೂ ಬಂತು. ಬಲಿಪೀಠಕ್ಕೆ ರಕ್ತ ಹಚ್ಚುವುದು ಅದರ ತುತ್ತತುದಿಯಾದ ಕೊಂಬುಗಳಿಗೆ. ಮನುಷ್ಯನಿಗೆ ಹಚ್ಚಿದ್ದೂ ಆತನ ದೇಹದ ತುದಿಗಳಿಗೆ. ತುದಿಗಳನ್ನು ಮುಟ್ಟಿದರೆ ಇಡಿಯನ್ನು ಮುಟ್ಟಿದಂತೆ. ಯಾಜಕನು ಸ್ವತಃ ಒಂದು ಜೀವಂತ ಬಲಿಪೀಠವಾದನು.

ಕಿವಿ, ಕೈ, ಕಾಲುಗಳೇ ಏಕೆ? ಕ್ರಿ.ಶ. 1ನೆಯ ಶತಮಾನದ ಅಲೆಕ್ಸಾಂಡ್ರಿಯದ ಯಹೂದಿ ಚಿಂತಕ ಫೀಲೋ ಇದಕ್ಕೆ ಸುಂದರ ವಿವರಣೆ ನೀಡಿದ್ದಾನೆ. ಆತನ ಪ್ರಕಾರ ಕಿವಿಯು ಮಾತಿಗೂ, ಕೈಯು ಕೃತಿಗೂ, ಕಾಲು ಬಾಳಿನ ಪಯಣಕ್ಕೂ ಸಂಕೇತ. ಈ ಮೂರರಲ್ಲೂ ಯಾಜಕನು ಶುದ್ಧನಾಗಿರಬೇಕು. ಯಾಜಕಕಾಂಡದ ಕುರಿತು 1991ರಲ್ಲಿ ವಿಸ್ತಾರವಾದ ವ್ಯಾಖ್ಯಾನದ ಮೊದಲ ಸಂಪುಟವನ್ನು ಪ್ರಕಟಿಸಿದ ವಿದ್ವಾಂಸ ಜೇಕಬ್ ಮಿಲ್ಗ್ರೋಮ್ ಅವರು ಈ ಲೇಪನದಲ್ಲಿ ಶುದ್ಧೀಕರಣದ ಅರ್ಥವನ್ನು ಕಂಡರು. ಎರಡು ಅರ್ಥಗಳೂ ಆರೋನನಿಗೆ ಒಪ್ಪುತ್ತವೆ. ಜನರ ಕೂಗಿಗೆ ಸೋತ ಕಿವಿಗೇ ರಕ್ತ ತಾಕಿತು. ಕರುವಿಗೆ ರೂಪ ಕೊಟ್ಟ ಕೈಗೇ ರಕ್ತ ತಾಕಿತು. ವಾಕ್ಚಾತುರ್ಯಕ್ಕೆ ಹೆಸರಾಗಿದ್ದ ಆತನ ನಾಲಿಗೆಗೆ ಮಾತ್ರ ಏನನ್ನೂ ಹಚ್ಚಲಿಲ್ಲ. ಯಾಜಕನಿಗೆ ಮೊದಲು ಬೇಕಾದದ್ದು ಆಲಿಸುವ ಕಿವಿ.

ಇನ್ನೊಂದು ವಿಷಯವು ಇದಕ್ಕಿಂತಲೂ ಹೃದಯಸ್ಪರ್ಶಿಯಾಗಿದೆ. ಬಲಗಿವಿ, ಬಲಹೆಬ್ಬೆರಳು, ಬಲಹೆಬ್ಬೆಟ್ಟುಗಳಿಗೆ ರಕ್ತ ಹಚ್ಚುವ ಇದೇ ವಿಧಿಯನ್ನು ಯಾಜಕಕಾಂಡವು ಮತ್ತೊಬ್ಬನಿಗೆ ವಿಧಿಸಿದೆ. ಆತನು ಮಹಾಪುರುಷನಲ್ಲ. ಕುಷ್ಠವೆಂದು ಎಣಿಸಲಾಗುತ್ತಿದ್ದ ಚರ್ಮರೋಗದಿಂದ ಪಾಳೆಯದ ಹೊರಗೆ ತಳ್ಳಲ್ಪಟ್ಟು, ಗುಣಹೊಂದಿ ಮರಳಿ ಬರುವವನು. ಸಮಾಜದ ಅತ್ಯುನ್ನತ ಪೀಠವನ್ನೇರುವವನಿಗೂ ಸಮಾಜದ ಅಂಚಿನಿಂದ ಒಳಕ್ಕೆ ಬರುವವನಿಗೂ ಅದೇ ಮೂರು ಗುರುತುಗಳು. ಇಬ್ಬರೂ ದೇವರ ಸನ್ನಿಧಿಗೆ ಸೇರುವುದು ಸ್ವಂತ ಅರ್ಹತೆಯಿಂದಲ್ಲ, ಅರ್ಪಿತವಾದ ಜೀವದಿಂದ.

ಎಂಟನೆಯ ದಿನ

ಏಳು ದಿನ ಕಳೆದು ಎಂಟನೆಯ ದಿನ ಆರೋನನು ತನ್ನ ಮೊದಲ ಬಲಿಯನ್ನರ್ಪಿಸಿದನು. ತನ್ನ ದೋಷಪರಿಹಾರಕ್ಕಾಗಿ ಆತನು ತರಬೇಕಾದದ್ದು ಒಂದು ಹೋರಿಕರು. ಬಂಗಾರದ ಕರುವಿನ ಪಾಪಕ್ಕೆ ಇದು ಪ್ರತಿಯೆಂದು ಯಹೂದಿ ವ್ಯಾಖ್ಯಾನಕಾರರು ಹಿಂದಿನಿಂದಲೂ ಹೇಳುತ್ತ ಬಂದಿದ್ದಾರೆ. ಆತನು ಕೈಯೆತ್ತಿ ಜನರನ್ನು ಆಶೀರ್ವದಿಸಿದನು. ಸರ್ವೇಶ್ವರನ ಸನ್ನಿಧಿಯಿಂದ ಬೆಂಕಿ ಹೊರಟು ಬಲಿಯನ್ನು ದಹಿಸಿತು. ಜನರು ಹರ್ಷಧ್ವನಿಗೈದು ಸಾಷ್ಟಾಂಗವೆರಗಿದರು.

ಆ ಹರ್ಷದ ನಡುವೆಯೇ ದುರಂತ ಎರಗಿತು. ಹಿರಿಯ ಮಕ್ಕಳಾದ ನಾದಾಬ್ ಮತ್ತು ಅಬೀಹು ವಿಧಿಸದಿದ್ದ ಬೆಂಕಿಯನ್ನು ಧೂಪಾರತಿಗಳಲ್ಲಿ ತಂದು ಅರ್ಪಿಸಲು ಹೋಗಿ ಅದೇ ಸನ್ನಿಧಿಯ ಬೆಂಕಿಗೆ ಆಹುತಿಯಾದರು. ಅವರ ಕಿವಿಗಳಿಗೂ ಕೈಗಳಿಗೂ ಕಾಲುಗಳಿಗೂ ದೀಕ್ಷೆಯ ರಕ್ತ ತಾಕಿತ್ತು. ದೀಕ್ಷೆಯು ಯಾರನ್ನೂ ಅಪಾಯದಿಂದ ಕಾಯುವ ಯಂತ್ರವಲ್ಲವೆಂಬುದು ಅಂದು ಎಲ್ಲರಿಗೂ ಮನವರಿಕೆಯಾಯಿತು. ಬಂಧುಗಳು ಶವಗಳನ್ನು ಅಂಗಿಗಳ ಸಮೇತ ಪಾಳೆಯದ ಹೊರಕ್ಕೆ ಹೊತ್ತೊಯ್ದರು. ಅಭಿಷೇಕ ಪಡೆದ ತಂದೆ ತಲೆಗೆದರಿಕೊಂಡು, ಬಟ್ಟೆ ಹರಿದುಕೊಂಡು ಅಳುವಂತಿರಲಿಲ್ಲ. ಗುಡಾರದ ಬಾಗಿಲನ್ನು ಬಿಟ್ಟು ಹೋಗುವಂತೆಯೂ ಇರಲಿಲ್ಲ. ಮಾತಿಗಾಗಿಯೇ ಕರೆಸಿಕೊಂಡ ಆ ವಾಗ್ಮಿ ಅಂದು ಮೌನಿಯಾದನೆಂದು ಶ್ರೀಗ್ರಂಥವು ಬಹಳ ಚಿಕ್ಕದಾಗಿ ದಾಖಲಿಸುತ್ತದೆ. ಹೋರಿಕರುವಿನ ದಿನ ನೆಪಗಳನ್ನು ಹೆಣೆದವನಿಗೂ ಈ ದಿನ ಮೌನವಾಗಿ ನಿಂತ ತಂದೆಗೂ ನಡುವೆ ಎಷ್ಟೊಂದು ಅಂತರ!

ಸತ್ತವರ ಮತ್ತು ಬದುಕಿದವರ ನಡುವೆ

ಆದರೂ ಆರೋನನು ದೋಷಮುಕ್ತನಾಗಲಿಲ್ಲ. ಮುಂದೊಮ್ಮೆ ಮಿರ್ಯಾಮಳೊಡನೆ ಸೇರಿ ತಮ್ಮನಿಗೆ ವಿರುದ್ಧವಾಗಿ ಮಾತನಾಡಿದನು. ಮಿರ್ಯಾಮಳಿಗೆ ಕುಷ್ಠ ತಗುಲಿದಾಗ, ಅದನ್ನು ಪರೀಕ್ಷಿಸಿ ನಿರ್ಣಯಿಸಬೇಕಾದ ಯಾಜಕನೇ ತಪ್ಪೊಪ್ಪಿಕೊಂಡು ಸಹೋದರಿಗಾಗಿ ತಮ್ಮನ ಮುಂದೆ ಬೇಡಿಕೊಂಡನು. ಆಕೆ ಏಳು ದಿನ ಪಾಳೆಯದ ಹೊರಗಿರಬೇಕಾಯಿತು. ಹೊರಗಿರಿಸಲ್ಪಟ್ಟವರ ನೋವು ಹೀಗೆ ಆತನ ಸ್ವಂತ ಮನೆಗೇ ಬಂತು.

ಕೋರಹ ಮತ್ತು ಆತನ ಸಂಗಡಿಗರು ಯಾಜಕತ್ವದ ವಿಷಯದಲ್ಲಿ ದಂಗೆಯೆದ್ದು ನಾಶವಾದ ಮರುದಿನ ಪಾಳೆಯದಲ್ಲಿ ಮಹಾಮಾರಿ ಹಬ್ಬಿತು. ಆಗ ಆ ವೃದ್ಧನು ಬಲಿಪೀಠದ ಕೆಂಡವನ್ನು ಧೂಪಾರತಿಯಲ್ಲಿ ತುಂಬಿಕೊಂಡು, ತನ್ನನ್ನು ದೂಷಿಸುತ್ತಿದ್ದ ಜನರ ನಡುವೆ ಓಡಿದನು. ಸತ್ತವರಿಗೂ ಬದುಕಿದವರಿಗೂ ಮಧ್ಯೆ ನಿಂತನು. ವ್ಯಾಧಿ ನಿಂತಿತು. ಅಷ್ಟರಲ್ಲಿ 14,700 ಮಂದಿ ತೀರಿಕೊಂಡಿದ್ದರು. ಮೋಶೆಯ ಅಪ್ಪಣೆಯನ್ನು ಆಲಿಸಿದ್ದು ರಕ್ತ ತಾಕಿದ ಕಿವಿ, ಧೂಪಾರತಿಯನ್ನು ಹಿಡಿದದ್ದು ರಕ್ತ ತಾಕಿದ ಕೈ, ಓಡಿದ್ದು ರಕ್ತ ತಾಕಿದ ಕಾಲು. ದೀಕ್ಷೆಯ ದಿನ ಸಂಕೇತವಾಗಿದ್ದದ್ದು ಅಂದು ನಡತೆಯಾಯಿತು. ಅನಂತರ ಗುಡಾರದಲ್ಲಿಟ್ಟ ಆತನ ಕೋಲು ಚಿಗುರಿ, ಹೂಬಿಟ್ಟು, ಬಾದಾಮಿಯ ಹಣ್ಣು ತಳೆಯಿತು.

ವರ್ಷಕ್ಕೊಂದು ಬಾರಿ, ದೋಷಪರಿಹಾರದ ಮಹಾದಿನದಂದು, ಆರೋನನು ವೈಭವದ ಉಡುಪನ್ನು ಕಳಚಿ ಸಾದಾ ನಾರುಮಡಿಯನ್ನುಟ್ಟು ಗರ್ಭಸ್ಥಾನವನ್ನು ಪ್ರವೇಶಿಸಬೇಕಿತ್ತು. ಕೃಪಾಸನದ ಮುಂದೆ ಏಳು ಸಾರಿ ರಕ್ತವನ್ನು ಚಿಮುಕಿಸಬೇಕಿತ್ತು. ಜನರ ಪಾಪಕ್ಕಾಗಿ ಹೋತದ ರಕ್ತವನ್ನು ಒಯ್ಯುವ ಮೊದಲು, ತನ್ನ ಮತ್ತು ತನ್ನ ಮನೆತನದ ಪಾಪಕ್ಕಾಗಿ ಹೋರಿಯ ರಕ್ತವನ್ನು ಒಯ್ಯಬೇಕೆಂಬುದು ನಿಯಮ. ತಾನೂ ಪಾಪಿಯೆಂಬ ನೆನಪಿಲ್ಲದೆ ಇತರರ ಪರವಾಗಿ ನಿಲ್ಲಲು ಆತನಿಗೆ ಅವಕಾಶವಿರಲಿಲ್ಲ.

ಹೋರ್ ಬೆಟ್ಟದ ಮೇಲೆ

ಮೆರೀಬದ ನೀರಿನ ಪ್ರಸಂಗದಲ್ಲಿ ದೇವರಲ್ಲಿ ವಿಶ್ವಾಸವಿಡದೆ ಹೋದುದಕ್ಕಾಗಿ ಮೋಶೆಗೂ ಆರೋನನಿಗೂ ವಾಗ್ದತ್ತ ನಾಡಿನ ಪ್ರವೇಶ ದೊರೆಯಲಿಲ್ಲ. ಪ್ರಯಾಣದ 40ನೆಯ ವರ್ಷದ 5ನೆಯ ತಿಂಗಳಿನ ಮೊದಲನೆಯ ದಿನ, ತನ್ನ 123ನೆಯ ವಯಸ್ಸಿನಲ್ಲಿ, ಆರೋನನು ತಮ್ಮನೊಡನೆಯೂ ಮಗ ಎಲ್ಲಾಜಾರನೊಡನೆಯೂ ಹೋರ್ ಬೆಟ್ಟವನ್ನೇರಿದನು. ದೀಕ್ಷೆಯ ದಿನ ಯಾವ ಕೈ ಆತನಿಗೆ ವಸ್ತ್ರಗಳನ್ನು ತೊಡಿಸಿತ್ತೋ ಅದೇ ಮೋಶೆಯ ಕೈ ಅವನ್ನು ಕಳಚಿ ಮಗನಿಗೆ ತೊಡಿಸಿತು. ಆರೋನನು ಅಲ್ಲಿಯೇ ಪ್ರಾಣಬಿಟ್ಟನು. ಇಸ್ರಯೇಲರು 30 ದಿನ ಶೋಕಿಸಿದರು. ಜೋರ್ಡನ್ ದೇಶದ ಪೆಟ್ರಾ ಬಳಿಯ ಜಬಲ್ ಹಾರೂನ್ ಎಂಬ ಶಿಖರವೇ ಆ ಬೆಟ್ಟವೆಂಬುದು ಪುರಾತನ ನಂಬಿಕೆ. ಅಲ್ಲಿ ಆತನ ಹೆಸರಿನ ಬಿಳಿ ಗುಮ್ಮಟದ ಸಮಾಧಿಗುಡಿ ಇದೆ. ಸಮೀಪದಲ್ಲಿ ಪ್ರಾಚೀನ ಕ್ರೈಸ್ತ ಮಠವೊಂದರ ಅವಶೇಷಗಳನ್ನು ಫಿನ್‌ಲೆಂಡಿನ ಸಂಶೋಧಕರು 1990ರ ದಶಕದ ಕೊನೆಯಿಂದ ಉತ್ಖನನ ಮಾಡಿ ಬೆಳಕಿಗೆ ತಂದರು.

ಆರೋನನ ಸಂತತಿಯವರು ನಡೆಸಿಕೊಂಡು ಬಂದ ಜೆರುಸಲೇಮಿನ ಬಲಿಸೇವೆ ಕ್ರಿ.ಶ. 70ರಲ್ಲಿ ದೇವಾಲಯದ ವಿನಾಶದೊಂದಿಗೆ ನಿಂತುಹೋಯಿತು. ಸ್ನಾನಿಕ ಯೊವಾನ್ನನ ತಾಯಿ ಎಲಿಜಬೇತಳು ಇದೇ ವಂಶದವಳು. ಆಕೆಯ ಹೆಸರು ಆರೋನನ ಮಡದಿ ಎಲೀಶೆಬಳ ಹೆಸರೇ ಆಗಿದೆ. ಹಿಬ್ರಿಯರಿಗೆ ಬರೆದ ಪತ್ರವು ಆರೋನನ ಯಾಜಕತ್ವವನ್ನು ಗೌರವದಿಂದ ಸ್ಮರಿಸುತ್ತ, ಅನ್ಯರ ರಕ್ತವನ್ನಲ್ಲ, ಸ್ವಂತ ರಕ್ತವನ್ನೇ ಅರ್ಪಿಸಿ ಒಂದೇ ಬಾರಿಗೆ ಪರಮಸನ್ನಿಧಿಯನ್ನು ಪ್ರವೇಶಿಸಿದ ಕ್ರಿಸ್ತರನ್ನು ನಿತ್ಯ ಯಾಜಕರೆಂದು ಸಾರುತ್ತದೆ. ಧರ್ಮಸಭೆಯು ಆರೋನನ ಯಾಜಕತ್ವದಲ್ಲಿ ಕ್ರಿಸ್ತರ ಯಾಜಕತ್ವದ ಮುನ್ಸೂಚನೆಯನ್ನು ಕಾಣುತ್ತದೆ. ಗುರುದೀಕ್ಷೆಯ ಪ್ರಾರ್ಥನೆಯಲ್ಲಿ ಇಂದಿಗೂ ಆತನ ಮಕ್ಕಳ ಸ್ಮರಣೆಯಿದೆ. ರೋಮನ್ ಸಂತರ ಪಟ್ಟಿಯಲ್ಲಿ ಜುಲೈ 1 ಆತನ ಸ್ಮರಣೆಯ ದಿನ.

ಮುಂದಿನ ಬಾರಿ ನಾವು ಗುರುದೀಕ್ಷೆಯ ಸಮಾರಂಭದಲ್ಲಿ ಪಾಲ್ಗೊಂಡಾಗ, ತೈಲದಿಂದ ಹೊಳೆಯುವ ಆ ಅಂಗೈಗಳ ಹಿಂದೆ ಆರೋನನ ಹೆಬ್ಬೆರಳನ್ನು ನೆನೆಯೋಣ. ಹೊಸ ಗುರುವಿನಲ್ಲಿ ಪರಿಪೂರ್ಣತೆಯನ್ನು ಹುಡುಕಿ, ಅದು ಕಾಣದಿದ್ದಾಗ ಟೀಕಿಸುವುದು ಸುಲಭ. ಎಡವಿದವನನ್ನೇ ದೇವರು ಕರೆದು, ಎಡವಿದ ಅಂಗಗಳನ್ನೇ ಮುಟ್ಟಿ, ಜನರ ನಡುವೆ ಓಡಿ ನಿಲ್ಲುವ ಬಲವನ್ನು ಕೊಟ್ಟರೆಂಬುದೇ ಆರೋನನ ಚರಿತ್ರೆಯ ಸಾರ. ದೀಕ್ಷಾಸ್ನಾನದಿಂದ ಕ್ರಿಸ್ತರ ಯಾಜಕತ್ವದಲ್ಲಿ ಪಾಲುಗಾರರಾಗಿರುವ ನಮ್ಮೆಲ್ಲರ ಕಿವಿಗಳೂ ಕೈಗಳೂ ಕಾಲುಗಳೂ ಇದೇ ಪ್ರಶ್ನೆಯ ಮುಂದಿವೆ: ನಾವು ಯಾರ ಮಾತನ್ನು ಆಲಿಸುತ್ತಿದ್ದೇವೆ, ಏನನ್ನು ರೂಪಿಸುತ್ತಿದ್ದೇವೆ, ಯಾರ ಕಡೆಗೆ ನಡೆಯುತ್ತಿದ್ದೇವೆ?